ಕಂದು ಮುಚ್ಚಳದ ಬಾಟಲಿ

ಹೆಂಡತಿಯ ತೋಳಿನಿಂದ ಆ ವಾಸನೆ ಬಂದ ಸಂಜೆ ಮೂಗಪ್ಪ ಅಡುಗೆಮನೆಯಲ್ಲಿ ನಿಂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಅವಳು ಆಗಷ್ಟೇ ಕೆಲಸದಿಂದ ಬಂದಿದ್ದಳು. ಅವನ ಭುಜದ ಮೇಲಿಂದ ಕೈ ಚಾಚಿ ಮೇಲಿನ ಕಪಾಟಿನಿಂದ ಉಪ್ಪಿನ ಡಬ್ಬಿ ತೆಗೆದಳು, ಅಷ್ಟೇ. ಕೈ ಬಂತು, ಹೋಯಿತು. ಕೈಯ ಜೊತೆ ಬಂದದ್ದು ಮಾತ್ರ ಹೋಗಲಿಲ್ಲ. ಒಣಮರದ ವಾಸನೆ, ಆಗ ತಾನೇ ಮೊನೆ ಮಾಡಿದ ಪೆನ್ಸಿಲ್ಲಿನದು. ಅದರ ಹಿಂದೆ ಎಲ್ಲೋ ಕಾಳುಮೆಣಸು. ಇನ್ನೂ ಹಿಂದೆ, ಬೆಳಿಗ್ಗೆ ಇದ್ದು ಹೋದ ಕಿತ್ತಳೆ ಸಿಪ್ಪೆ. ಮೂಗಪ್ಪನ ಕೈಯಲ್ಲಿದ್ದ ಚಾಕು ನಿಂತಿತು. ಆ ವಾಸನೆ ಅವನಿಗೆ ಚೆನ್ನಾಗಿ ಗೊತ್ತು. ಆದರೆ ಅದು ಇನ್ನೂ ಯಾವ ಅಂಗಡಿಗೂ ಬಂದಿರಲಿಲ್ಲ.

ಮೂಗಪ್ಪ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಸೆಂಟು ತಯಾರಿಸುವ ಕಂಪನಿಯಲ್ಲಿ ಮೂಸಿ ನೋಡಿ ಹೇಳುವುದೇ ಅವನ ಉದ್ಯೋಗ. ಹೊಸ ಸೆಂಟು ಯಾವುದೇ ಬರಲಿ, ಮೊದಲು ಕಾಗದದ ಪಟ್ಟಿಯ ಮೇಲೆ, ಆಮೇಲೆ ಮೈಮೇಲೆ ಹಾಕಿಕೊಂಡು ಅವನು ಸರಿ ಅಂದರೆ ಮಾತ್ರ ಮುಂದಕ್ಕೆ. ಸರಿ ಅನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ ಬಿಡಿ. ಯಾವುದನ್ನು ಮೂಸಿದರೂ ಇದರಲ್ಲಿ ಏನೋ ಮುಚ್ಚಿಟ್ಟಿದ್ದಾರೆ ಅನ್ನುವ ಗುಮಾನಿಯಿಂದಲೇ ಶುರು. ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ಬಸ್ಸು ಹತ್ತಿ ಮನೆಗೆ ಬರುವಾಗ ಆ ಗುಣವನ್ನು ಆಫೀಸಿನ ಗೂಟಕ್ಕೆ ತಗುಲಿಹಾಕಿ ಬರಬೇಕಲ್ಲ, ಮಹಾರಾಯ ಅದನ್ನೂ ಹೆಗಲಿಗೇರಿಸಿಕೊಂಡು ಬರುತ್ತಿದ್ದ.

ಅವನ ಮೂಗಿಗಾಗಿ ಆ ಮನೆ ಪಟ್ಟ ಪಾಡು ಒಂದೆರಡಲ್ಲ. ವಾಸನೆಯ ಸೋಪು ಕೂಡದು, ಪೌಡರು ಕೂಡದು, ತಲೆಗೆ ಹಚ್ಚುವ ಎಣ್ಣೆಗೂ ವಾಸನೆ ಇರಬಾರದು, ಬಟ್ಟೆ ಒಗೆಯುವ ಪುಡಿ ಕೂಡ ಆಫೀಸಿನಿಂದಲೇ ಬರಬೇಕು. ಮದುವೆಯಾದ ಹೊಸತರಲ್ಲಿ ಹೆಂಡತಿ ತವರಿನಿಂದ ತಂದ ಗುಲಾಬಿ ಬಣ್ಣದ ಸೋಪನ್ನು ಅವನು ಕಾಗದದಲ್ಲಿ ಸುತ್ತಿ ಕೆಳಮನೆಯಲ್ಲಿದ್ದ ತನ್ನ ಅಕ್ಕನಿಗೆ ಕೊಟ್ಟುಬಂದಿದ್ದ. ಅವಳು ಆವತ್ತು ಏನೂ ಅನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದರು, ಮನೆಗೆ ವಾಸನೆ ಅನ್ನುವುದೇ ಇಲ್ಲ. ಅಕ್ಕ ಮಾತ್ರ ಆಗಾಗ ಹೇಳುತ್ತಿದ್ದಳು, ನಿನ್ನ ಮನೆಗೆ ಬಂದರೆ ನೀರು ಕುಡಿದ ಹಾಗಿರುತ್ತೆ ಕಣೋ ಅಂತ. ಮೂಗಪ್ಪ ಅದನ್ನು ಹೊಗಳಿಕೆ ಅಂದುಕೊಂಡಿದ್ದ.

ಈಗ ಮೂಸುತ್ತಿದ್ದ ಹೊಸ ಸೆಂಟಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಎಲ್ಲರೂ ಕಂದು ಮುಚ್ಚಳ ಅನ್ನುತ್ತಿದ್ದರು. ಕಿತ್ತಳೆ, ಮಸಾಲೆ, ಮರ, ಈ ಮೂರನ್ನೂ ಸೇರಿಸಿ ಕಟ್ಟಿದ್ದು. ಮದುವೆ ಮನೆಗೆ ಹಾಕಿಕೊಂಡು ಹೋಗುವ ಸೆಂಟಲ್ಲ, ದಿನಾ ಬೆಳಿಗ್ಗೆ ಹಾಕಿಕೊಂಡು ಕೆಲಸಕ್ಕೆ ಹೋಗುವಂಥದ್ದು ಬೇಕಾಗಿತ್ತು ಕಂಪನಿಗೆ. ವಿಭಾಗದ ಮೇಡಂ ಹೇಳಿದ್ದು ಇಷ್ಟೇ: ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮುಖ ತಿರುಗಿಸಬಾರದು, ಆದರೆ ಎದ್ದುಹೋದ ಮೇಲೆ ಇಲ್ಲಿ ಯಾರೋ ಇದ್ದರು ಅನ್ನಿಸಬೇಕು. ಮೂಗಪ್ಪ ಒಂದು ದಿನ ಹಾಕಿಕೊಳ್ಳುತ್ತಿದ್ದ, ಒಂದು ದಿನ ಬಿಡುತ್ತಿದ್ದ. ಹೀಗೆ ಬಿಟ್ಟ ದಿನವೇ ಹೆಂಡತಿಯ ತೋಳು ಅವನ ಭುಜದ ಮೇಲಿಂದ ಹಾದುಹೋದದ್ದು.

ಕಂದು ಮುಚ್ಚಳದ ಬಾಟಲಿಗಳು ಇದ್ದದ್ದೇ ಮೂರು. ಒಂದು ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು. ಒಂದು ಮೂಗಪ್ಪನ ಮನೆಯಲ್ಲಿ, ಮಲಗುವ ಕೋಣೆಯ ಕನ್ನಡಿ ಕೆಳಗಿನ ಖಾನೆಯಲ್ಲಿ. ಇನ್ನೊಂದು ಅದನ್ನು ಕಟ್ಟಿದವನ ಹತ್ತಿರ. ಅವನು ಕಂಪನಿಗೆ ಹೊಸಬ, ಗುಂಗುರು ಕೂದಲಿನವನು, ಹಾಗಾಗಿ ಗುಂಗುರು ಅಂತಲೇ ಹೆಸರು. ನಗುನಗುತ್ತಾ ಮಾತಾಡುವ ಜನರನ್ನು ಕಂಡರೆ ಮೂಗಪ್ಪನಿಗೆ ಮೊದಲೇ ಆಗಿಬರುತ್ತಿರಲಿಲ್ಲ.

ಈ ಗುಂಗುರು ಹೋದ ತಿಂಗಳು ಹೊಸ ಕನ್ನಡಕ ಹಾಕಿಕೊಂಡು ಬಂದಿದ್ದ. ಬಂದವನೇ, ನಿಮ್ಮ ಮನೆಯವರೇ ಆರಿಸಿಕೊಟ್ಟರು ಸಾರ್, ಎಷ್ಟು ತಾಳ್ಮೆ ಅವರಿಗೆ ಅಂದಿದ್ದ. ಮೂಗಪ್ಪನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬಂದವರ ಮುಖಕ್ಕೆ ಫ್ರೇಮ್ ಇಟ್ಟು, ಕಿವಿಯ ಹಿಂದೆ ಬಗ್ಗಿಸಿ, ಮೂಗಿನ ಮೇಲೆ ಸರಿಯಾಗಿ ಕೂರುವ ಹಾಗೆ ಮಾಡಿಕೊಡುವುದು ಅವಳ ಕೆಲಸ. ಆವತ್ತು ಆ ಮಾತು ಈ ಕಿವಿಯಿಂದ ಆ ಕಿವಿಗೆ ಹೋಗಿತ್ತು. ಈಗ, ಆಲೂಗಡ್ಡೆ ಕೈಯಲ್ಲಿ ಹಿಡಿದು ನಿಂತವನಿಗೆ, ಅದೇ ಮಾತು ತಿರುಗಿ ಬಂದು ತಲೆಯೊಳಗೆ ಹುಳ ಬಿಟ್ಟಿತು.

ಅಲ್ಲ, ನೀವೇ ಹೇಳಿ. ಮನೆಯಲ್ಲೇ ಒಂದು ಬಾಟಲಿ ಇದೆ. ಹೆಂಡತಿ ಅದರಿಂದ ಒಂದು ಹನಿ ಹಚ್ಚಿಕೊಂಡಿರಬಹುದು ಅಂತ ಯಾವ ಗಂಡಸಿಗಾದರೂ ಮೊದಲು ಹೊಳೆಯಬೇಕಲ್ಲವೇ? ಹೊಳೆಯಿತು, ಇಲ್ಲವೆಂದಲ್ಲ. ಆದರೆ ಹೊಳೆದದ್ದನ್ನು ಅವನೇ ತಳ್ಳಿಹಾಕಿದ. ಅದು ಆಫೀಸಿನದು, ಮುಟ್ಟಬೇಡ ಅಂತ ತಂದ ದಿನವೇ ಹೇಳಿದ್ದ. ಬೇಡ ಅಂದ ಮೇಲೆ ಆಯಿತು, ಅವಳು ಅದರ ತಂಟೆಗೆ ಹೋಗುವವಳೇ ಅಲ್ಲ, ಗುಲಾಬಿ ಸೋಪಿನ ಕಾಲದಿಂದ ನೋಡಿದ್ದೇನಲ್ಲ ಅಂದುಕೊಂಡ. ಅಂದರೆ ಅವಳು ತನ್ನ ಮಾತು ಮೀರುವವಳಲ್ಲ ಅಂತ ನಂಬಿಕೆ ಇತ್ತು, ಬೇರೆಯವನ ಹತ್ತಿರ ಹೋಗುವವಳಲ್ಲ ಅಂತ ಮಾತ್ರ ಇರಲಿಲ್ಲ. ಎಂಥಾ ನಂಬಿಕೆಯೋ ಅದು! ಒಂದು ಮಾತು ಕೇಳಿಬಿಟ್ಟಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಮೂಸಿದರೆ ಸುಳ್ಳು ಬರುವುದಿಲ್ಲ ಅನ್ನುವುದು ಅವನ ಲೆಕ್ಕ.

ಅಲ್ಲಿಂದ ಶುರುವಾಯಿತು. ಅವಳು ಬಾಗಿಲು ದಾಟಿ ಒಳಗೆ ಬಂದರೆ ಇವನು ನೀರು ಕುಡಿಯುವ ನೆಪದಲ್ಲಿ ಹತ್ತಿರ ಸುಳಿಯುತ್ತಿದ್ದ. ಅವಳು ಸ್ನಾನಕ್ಕೆ ಹೋದರೆ ಬಿಚ್ಚಿಟ್ಟ ಬಟ್ಟೆ ಎತ್ತಿ ತೋಳಿನ ಮಡಿಕೆಯಲ್ಲಿ ಮೂಗು ಹುದುಗಿಸುತ್ತಿದ್ದ. ಇದೆ, ಇವತ್ತೂ ಇದೆ. ಅವಳು ಈಚೆಗೆ ಕೆಲಸಕ್ಕೆ ಹೊರಡುವಾಗ ಏನೋ ಗುನುಗುತ್ತಾಳೆ ಅನ್ನುವುದೂ ಆಗಲೇ ಅವನ ಗಮನಕ್ಕೆ ಬಂದದ್ದು. ಮೊದಲು ಗುನುಗುತ್ತಿದ್ದಳೋ ಇಲ್ಲವೋ, ಎಷ್ಟು ತಲೆ ಕೆರೆದುಕೊಂಡರೂ ಅವನಿಗೆ ನೆನಪಾಗಲಿಲ್ಲ.

ಆಫೀಸಿನಲ್ಲಿ ಗುಂಗುರುವಿನ ಮೇಲೂ ಕಣ್ಣಿಟ್ಟ. ಒಂದು ದಿನ ಬೇಕೆಂದೇ ಅವನ ಮೇಜಿನ ಹತ್ತಿರ ಹೋಗಿ, ಕಂದು ಮುಚ್ಚಳದಲ್ಲಿ ಮಸಾಲೆ ಸಪ್ಪೆಯಾಯಿತಲ್ಲ ಅಂದ. ಗುಂಗುರು ಕನ್ನಡಕ ತೆಗೆದು ಇವನನ್ನೇ ನೋಡಿದ. ಸಪ್ಪೆಯಾ ಸಾರ್, ಉಳಿದವರೆಲ್ಲ ಲವಂಗ ಸ್ವಲ್ಪ ಜಾಸ್ತಿಯೇ ಆಯಿತು ಅಂತಾರಲ್ಲ ಅಂದ. ಕಣ್ಣು ತಪ್ಪಿಸುತ್ತಿದ್ದಾನೆ, ಮಾತು ತಿರುಗಿಸುತ್ತಿದ್ದಾನೆ ಅಂತ ಮೂಗಪ್ಪ ಮನಸ್ಸಿನಲ್ಲೇ ಷರಾ ಬರೆದುಕೊಂಡ. ಗುಂಗುರು ಹೇಳಿದ ಮಾತನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ.

ಇಲ್ಲೊಂದು ವಿಷಯ ಹೇಳಲೇಬೇಕು. ಆ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಸೆಂಟು ಕೈಗೆತ್ತಿಕೊಳ್ಳುವ ಮುಂಚೆ ಮೂಸುವವನ ಮೂಗನ್ನೇ ಪರೀಕ್ಷೆ ಮಾಡಬೇಕು. ಜೊತೆಯವರು ಹೆಸರಿಲ್ಲದ ಸಣ್ಣ ಸೀಸೆಗಳನ್ನು ಒಂದೊಂದಾಗಿ ಮುಂದೆ ಹಿಡಿಯುತ್ತಾರೆ, ಇವನು ಯಾವುದು ಯಾವುದು ಅಂತ ಹೇಳಬೇಕು. ಒಂದೇ ವಾಸನೆಯ ಜೊತೆ ತಿಂಗಳುಗಟ್ಟಲೆ ಕೂತರೆ ಮೂಗು ಅದಕ್ಕೆ ಒಗ್ಗಿಹೋಗಿ, ಕೊನೆಗೆ ಅದೊಂದನ್ನು ಮಾತ್ರ ಕಾಣದಂತಾಗುತ್ತದೆ. ಕಂದು ಮುಚ್ಚಳಕ್ಕೆ ಮುಂಚೆ ಮೂಗಪ್ಪ ತಿಂಗಳುಗಟ್ಟಲೆ ಮಾಡುತ್ತಿದ್ದದ್ದು ಬೇರೊಂದು ಕಂಪನಿಯ ಲವಂಗದ ಟೂತ್‌ಪೇಸ್ಟಿನ ಕೆಲಸ. ಮೇಡಂ ಸೀಸೆಗಳ ಪೆಟ್ಟಿಗೆ ತರಿಸಿದಾಗ ಅವನು ನಕ್ಕುಬಿಟ್ಟಿದ್ದ. ಇಷ್ಟು ವರ್ಷವಾದ ಮೇಲೂ ನನಗೆ ಪರೀಕ್ಷೆಯೇ ಮೇಡಂ ಅಂದಿದ್ದ. ಹಿರಿಯ ಅಂತ ಅವರೂ ಸುಮ್ಮನಾದರು. ಪೆಟ್ಟಿಗೆ ಮುಚ್ಚಳ ತೆಗೆಯದೆಯೇ ವಾಪಸ್ ಹೋಯಿತು.

ಇಂಥ ಮೂಗು ಇಟ್ಟುಕೊಂಡು ಅವನು ಬಲೆ ಹೆಣೆದ. ಹೆಣೆದದ್ದೂ ತನ್ನ ಕಸುಬಿನ ರೀತಿಯಲ್ಲೇ. ಆಫೀಸಿನಿಂದ ಚಿಕ್ಕ ಸೀಸೆಯಲ್ಲಿ ಲವಂಗದ ಎಣ್ಣೆ ತಂದ. ಹೆಂಡತಿ ಅಂಗಡಿ ಸಾಮಾನಿಗೆ ಹೋಗಿದ್ದಾಗ ಕನ್ನಡಿ ಕೆಳಗಿನ ಬಾಟಲಿ ತೆಗೆದ. ತನ್ನ ಪರೀಕ್ಷೆಗೆ ಬೇಕಾದಷ್ಟನ್ನು ಬೇರೆ ಸೀಸೆಗೆ ಬಗ್ಗಿಸಿಟ್ಟುಕೊಂಡ. ಉಳಿದದ್ದಕ್ಕೆ ಲವಂಗದ ಎಣ್ಣೆ ಒಂದು ಹನಿ ಬಿಟ್ಟು ಅಲ್ಲಾಡಿಸಿ ಮೂಸಿದ. ಏನೂ ಗೊತ್ತಾಗಲಿಲ್ಲ. ಮರದ ವಾಸನೆ ನುಂಗಿಹಾಕಿತು ಅಂದುಕೊಂಡು ಇನ್ನೊಂದು ಹನಿ ಬಿಟ್ಟ. ಅದೂ ಸಾಲದು ಅನ್ನಿಸಿತು. ಮತ್ತೊಂದು ಬಿಟ್ಟ, ಮತ್ತೂ ಒಂದು ಬಿಟ್ಟ. ಕೊನೆಗೆ ಎಲ್ಲೋ ದೂರದಲ್ಲಿ ಸಣ್ಣಗೆ ಲವಂಗ ಸುಳಿದ ಹಾಗಾಯಿತು. ಹಾಂ, ಈಗ ಸರಿ, ಬೇರೆ ಯಾರಿಗೂ ತಿಳಿಯಬಾರದು, ನನಗೆ ಮಾತ್ರ ತಿಳಿಯಬೇಕು ಅಂತ ಮುಚ್ಚಳ ಬಿಗಿದ.

ಲೆಕ್ಕ ಸರಳವಾಗಿತ್ತು. ಅವಳ ತೋಳಿನಲ್ಲಿ ಲವಂಗ ಎದ್ದು ಬಂದರೆ ವಾಸನೆ ಈ ಬಾಟಲಿಯದು, ಮನೆಯದು. ಬರದಿದ್ದರೆ ಅದು ಗುಂಗುರುವಿನ ಬಾಟಲಿಯದು. ಆಮೇಲೆ ಏನು ಮಾಡುತ್ತಾನೆ ಅನ್ನುವುದನ್ನು ಅವನು ಯೋಚಿಸಿರಲಿಲ್ಲ. ಯೋಚಿಸುವ ಧೈರ್ಯವೂ ಇರಲಿಲ್ಲ. ಮಕ್ಕಳಿಲ್ಲದ ಮನೆ, ಇದ್ದವರು ಇಬ್ಬರೇ. ಅವಳು ಹೋದರೆ ಆ ಮನೆಯಲ್ಲಿ ಮಾತಾಡಿಸಲೂ ಯಾರೂ ಇರುವುದಿಲ್ಲ. ಲವಂಗ ಬರಲಿ, ಲವಂಗ ಬರಲಿ ಅಂತ ಒಳಗೊಳಗೇ ಹರಸಿಕೊಳ್ಳುತ್ತಿದ್ದ, ಪಾಪ. ಅವನಿಗೂ ಅವಳು ಬೇಕಾಗಿದ್ದಳು, ಅದನ್ನು ಅಲ್ಲಗಳೆಯಬಾರದು.

ಮಾರನೆಯ ಸಂಜೆ ಅವಳ ತೋಳು ಮೂಸಿದ. ಒಣಮರ ಇತ್ತು. ಕಾಳುಮೆಣಸಿತ್ತು. ಲವಂಗ ಇರಲಿಲ್ಲ. ಎರಡನೆಯ ದಿನವೂ ಇರಲಿಲ್ಲ. ಮೂರನೆಯ ದಿನ ಬಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು, ತನ್ನ ಮೊಣಕೈ ಸಂದಿಯನ್ನು ಮೂಸಿ ಮೂಗು ತಿಳಿ ಮಾಡಿಕೊಂಡು, ಮತ್ತೆ ಮೂಸಿದ. ಇಲ್ಲ. ಅಂದರೆ ಗುಂಗುರುವಿನ ಬಾಟಲಿಯದೇ.

ಆ ವಾರವೇ ಒಂದು ಬೆಳಿಗ್ಗೆ ಹೆಂಡತಿ ಮೆಟ್ಟಿಲಿಳಿಯುವಾಗ ಕೆಳಗಿನಿಂದ ಅಕ್ಕನ ದನಿ ಕೇಳಿಸಿತು. ಏನಮ್ಮಾ, ಹಲ್ಲುನೋವಾ, ಡಾಕ್ಟರ ಹತ್ತಿರ ಹೋಗಬಾರದಾ ಅನ್ನುತ್ತಿದ್ದಳು. ಹೆಂಡತಿ ಏನೋ ಅಂದು ನಗುತ್ತಾ ಹೊರಟುಹೋದಳು. ಮೇಲೆ ನಿಂತಿದ್ದ ಮೂಗಪ್ಪ ಅದಕ್ಕೂ ಬೇರೆಯೇ ಅರ್ಥ ಕಟ್ಟಿದ. ಅಳು ತಡೆದು ಮುಖ ಊದಿಸಿಕೊಂಡಿರಬೇಕು, ಅಕ್ಕನ ಕಣ್ಣಿಗೆ ಬಿದ್ದಿದೆ, ಮನಸ್ಸಿನಲ್ಲಿ ತಪ್ಪು ಇರುವವರು ಹೀಗೇ ಅಂದುಕೊಂಡ. ನೋಡಿ, ಗುಮಾನಿ ಹಿಡಿದವನ ಕಿವಿಗೆ ಸತ್ಯವನ್ನೇ ಊದಿದರೂ ಅದು ಒಳಗೆ ಹೋಗುವಷ್ಟರಲ್ಲಿ ತಿರುಚಿಕೊಂಡಿರುತ್ತದೆ.

ಶನಿವಾರ ಸಂಜೆ ಅವಳು ಒಲೆಯ ಮುಂದೆ ನಿಂತಿದ್ದಾಗ ಅವನಿಗೆ ತಡೆಯಲಾಗಲಿಲ್ಲ. ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತುಕೊಂಡ.

"ಯಾರ ಬಾಟಲಿ ಅದು?"

ಅವಳು ತಿರುಗಿ ನೋಡಿದಳು. ಯಾವ ಬಾಟಲಿ ಅಂತ ಕೇಳಲಿಲ್ಲ, ಮುಖಕ್ಕೆ ರಕ್ತ ನುಗ್ಗಿತು. ಸಿಕ್ಕಿಬಿದ್ದಳು ಅಂತ ಅವನಿಗೆ ಖಾತ್ರಿಯಾಯಿತು.

"ನಿಮ್ಮದೇ ರೀ," ಅಂದಳು. "ಮುಟ್ಟಬೇಡ ಅಂದಿದ್ರಿ, ಗೊತ್ತು. ತಪ್ಪಾಯ್ತು."

"ಸುಳ್ಳು ಹೇಳಬೇಡ. ನನ್ನ ಬಾಟಲಿದು ಅಲ್ಲ ಅದು. ನನಗೆ ಗೊತ್ತಾಗುತ್ತೆ."

ಅವಳಿಗೆ ಅವನ ಮಾತೇ ಅರ್ಥವಾಗಲಿಲ್ಲ. ಕದ್ದದ್ದನ್ನು ಒಪ್ಪಿಕೊಂಡರೂ ಕದ್ದಿಲ್ಲ ಅನ್ನುತ್ತಿದ್ದಾನಲ್ಲ ಅಂತ ಸೌಟು ಕೈಯಲ್ಲಿ ಹಿಡಿದೇ ನಿಂತಳು. ಆಮೇಲೆ ಒಂದೊಂದಾಗಿ ಹೇಳಿದಳು. ಖಾನೆ ಒರೆಸುವಾಗ ಬಾಟಲಿ ವಾಲಿ ತೋಳಿನ ಮೇಲೆ ಚೆಲ್ಲಿತ್ತು. ತೊಳೆದುಕೊಳ್ಳಲು ಹೊತ್ತಿರಲಿಲ್ಲ, ಹಾಗೇ ಅಂಗಡಿಗೆ ಹೋಗಿದ್ದಳು. ವಯಸ್ಸಾದ ಒಬ್ಬ ಹೆಂಗಸು ಕನ್ನಡಕ ಹಾಕಿಸಿಕೊಳ್ಳಲು ಬಂದಿದ್ದರು. ಇವಳು ಬಗ್ಗಿ ಅವರ ಕಿವಿಯ ಹಿಂದೆ ಕಡ್ಡಿ ಸರಿಮಾಡುತ್ತಿದ್ದಾಗ ಅವರು ಕಣ್ಣು ಮುಚ್ಚಿಕೊಂಡು, ಚೆನ್ನಾಗಿದೆ ಕಣಮ್ಮಾ ನಿನ್ನ ವಾಸನೆ ಅಂದರು.

"ನಿನ್ನ ವಾಸನೆ ಅಂದ್ರು ರೀ. ನನಗೆ ಅಂತ ಒಂದು ವಾಸನೆ ಇರಬಹುದು ಅನ್ನೋದೇ ಮರೆತುಹೋಗಿತ್ತು. ಅವತ್ತಿಂದ ದಿನಾ ಒಂದು ಹನಿ. ಕಳ್ಳಿ ಥರ. ಬಿಡೋಕೆ ಮನಸ್ಸಾಗಲಿಲ್ಲ." ಸೌಟನ್ನು ತಟ್ಟೆಯ ಮೇಲಿಟ್ಟಳು. "ಆದರೆ ಅದು ಕೆಟ್ಟುಹೋಗಿದೆ, ನಿಮಗೆ ಗೊತ್ತಾ? ಒಂದು ವಾರದಿಂದ ಬರೀ ಲವಂಗ ಹೊಡೀತಿದೆ. ಅಂಗಡಿಗೆ ಬಂದವರು ಹಲ್ಲುನೋವಾ ಅಂತಾರೆ, ಅತ್ತಿಗೆನೂ ಕೇಳಿದರು. ನಿಮಗೆ ಹೇಳೋಣ ಅಂದ್ರೆ ಕದ್ದು ಹಚ್ಕೊಂಡವಳು ಯಾವ ಬಾಯಲ್ಲಿ ಹೇಳಲಿ? ಕೆಟ್ಟಿದ್ದನ್ನೇ ನೀವು ಆಫೀಸಲ್ಲಿ ಒಳ್ಳೇದು ಅಂದುಬಿಟ್ಟು ನಿಮ್ಮ ಹೆಸರು ಹಾಳಾದ್ರೆ ಏನು ಗತಿ ಅಂತ ನನಗೆ ರಾತ್ರಿ ನಿದ್ದೆ ಇಲ್ಲ."

ಮೂಗಪ್ಪ ಇಂಗು ತಿಂದ ಮಂಗನ ಹಾಗೆ ನಿಂತ. ಕೋಣೆಗೆ ಹೋಗಿ ಬಾಟಲಿ ತಂದ, ಮುಚ್ಚಳ ತೆಗೆದು ಮೂಗಿಗೆ ಒತ್ತಿ ಹಿಡಿದ. ಮರ, ಕಿತ್ತಳೆ, ಮೆಣಸು. ಲವಂಗ ಸಣ್ಣಗೆ, ಇದ್ದೂ ಇಲ್ಲದ ಹಾಗೆ. ಅತ್ತ ಅವಳು ಅಷ್ಟು ದೂರದಲ್ಲಿ ನಿಂತೇ ಮೂಗು ಮುಚ್ಚಿಕೊಂಡಳು. ಅದನ್ನು ನೋಡಿ ಅವನಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಗುಂಗುರು ಕಣ್ಣು ತಪ್ಪಿಸಿರಲಿಲ್ಲ. ಅಕ್ಕ ಕೇಳಿದ್ದು ಹಲ್ಲುನೋವನ್ನೇ. ಹೆಂಡತಿ ಇದ್ದದ್ದು ಇದ್ದ ಹಾಗೇ ಹೇಳಿದ್ದಳು. ಇಡೀ ಮನೆಯಲ್ಲಿ ಸುಳ್ಳು ಹೇಳಿದ್ದು ಅವನ ಮೂಗು ಒಂದೇ.

ಅವನ ಕೈಲಿದ್ದ ಬಾಟಲಿಯನ್ನೂ ಮುಖವನ್ನೂ ಅವಳು ಒಂದೆರಡು ಸಲ ನೋಡಿದಳು. ಅವಳೇನು ದಡ್ಡಿಯೇ?

"ಲವಂಗ ನೀವೇ ಹಾಕಿದ್ದಾ?"

ಅವನು ಬಾಟಲಿಗೆ ಮುಚ್ಚಳ ಹಾಕಿ ಬಿಗಿದ.

"ಯಾರ ಬಾಟಲಿ ಅಂದ್ರಲ್ಲ. ಯಾರದು ಅಂದ್ಕೊಂಡಿದ್ರಿ?"

ಅವಳು ಇನ್ನೇನೂ ಕೇಳಲಿಲ್ಲ. ಒಲೆ ಆರಿಸಿದಳು. ನಲ್ಲಿ ತಿರುಗಿಸಿ, ವಾಸನೆಯಿಲ್ಲದ ಆ ಮನೆಯ ಸೋಪಿನಲ್ಲಿ ಎರಡೂ ಕೈಗಳನ್ನು ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಬೈದಿದ್ದರೆ, ಅತ್ತಿದ್ದರೆ, ತವರಿಗೆ ಹೊರಟಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸೋಮವಾರ ಆಫೀಸಿಗೆ ಹೋದವನೇ ಮೂಗಪ್ಪ ಮೇಡಂ ಮುಂದೆ ನಿಂತು, ಸೀಸೆಗಳ ಪೆಟ್ಟಿಗೆ ತರಿಸಿ ಅಂದ. ಒಂದೊಂದಾಗಿ ಮೂಸಿದ. ಲವಂಗದ ಸೀಸೆ ಬಂದಾಗ ಬರೀ ನೀರು ಅಂದ. ಪಕ್ಕದಲ್ಲಿದ್ದ ಗುಂಗುರು ತಲೆ ತಗ್ಗಿಸಿದ, ನಗಲಿಲ್ಲ. ಮೇಡಂ ಅವನಿಗೆ ಮಸಾಲೆ ಕೆಲಸದಿಂದ ಬಿಡುವು ಕೊಟ್ಟರು. ಹೋಗುವ ಮುಂಚೆ ಕಂದು ಮುಚ್ಚಳದ ಬಗ್ಗೆ ಏನಾದರೂ ಹೇಳುವುದಿದೆಯೇ ಅಂತ ಕೇಳಿದರು. ಅವನು, ನನ್ನ ಮಾತು ಲೆಕ್ಕಕ್ಕಿಲ್ಲ ಮೇಡಂ, ಆದರೆ ದಿನಾ ಕೆಲಸಕ್ಕೆ ಹಾಕಿಕೊಂಡು ಹೋದವರೊಬ್ಬರು ಬಿಡೋಕೆ ಮನಸ್ಸಾಗಲಿಲ್ಲ ಅಂದರು ಅಂದ. ಮೇಡಂ ಅದು ಸಾಕು ಅಂದರು.

ಕಂದು ಮುಚ್ಚಳ ಅಂಗಡಿಗೆ ಬಂತು. ಮೂಗಪ್ಪ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಒಂದನ್ನು ಕೊಂಡು ತಂದು ಕನ್ನಡಿಯ ಮುಂದೆ ಇಟ್ಟ. ಇದು ನಿನ್ನದು ಅಂದ. ಅವಳು ಆಯ್ತು ಅಂದಳು. ಪೊಟ್ಟಣ ಹಾಗೇ ಕೂತಿತು. ಧೂಳು ಒರೆಸುವಾಗ ಎತ್ತಿ, ಒರೆಸಿ, ಇದ್ದ ಜಾಗಕ್ಕೇ ಇಡುತ್ತಿದ್ದಳು.

ಅದಕ್ಕಿಂತ ಹೆಚ್ಚಾಗಿ ಅವನನ್ನು ಕೊಲ್ಲುತ್ತಿದ್ದದ್ದು ಬೇರೆ. ಆ ಶನಿವಾರದ ಮೇಲೆ ಅವಳು ದಿನಾ ಸಂಜೆ ಕೆಲಸದಿಂದ ಬಂದವಳು ನೇರ ಒಳಗೆ ಬರುತ್ತಿರಲಿಲ್ಲ. ಹೊಸ್ತಿಲ ಆಚೆಯೇ ನಿಂತು, ಚಪ್ಪಲಿ ಬಿಡುವ ಮುಂಚೆ, ಮಣಿಕಟ್ಟನ್ನು ಅವನ ಮೂಗಿನ ಕೆಳಗೆ ಹಿಡಿಯುತ್ತಿದ್ದಳು. "ನೋಡಿಬಿಡಿ, ಆಮೇಲೆ ಬರ್ತೀನಿ" ಅನ್ನುತ್ತಿದ್ದಳು. ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ, ಅಂಗಡಿಯಲ್ಲಿ ಬಂದವರಿಗೆ ಅಕ್ಷರ ಓದಲು ಹೇಳುವ ಹಾಗೆ. ಮೊದಮೊದಲು ಅವನು ಬೇಡ ಅಂದ, ಕೈ ಮುಗಿದ, ತಪ್ಪಾಯಿತು ಅಂದ. ಅವಳು ಕೈ ಇಳಿಸಲಿಲ್ಲ. ಮೆಟ್ಟಿಲಲ್ಲಿ ಜನ ಓಡಾಡುತ್ತಾರೆ ಅನ್ನುವ ಭಯಕ್ಕೆ ಅವನು ಬಗ್ಗಿ ಮೂಸಿದ ಹಾಗೆ ಮಾಡಿ, ಆಯಿತು ಬಾ ಅನ್ನುವುದು ರೂಢಿಯಾಯಿತು.

ತಿಂಗಳುಗಳು ಹೋದವು. ಒಂದು ಸಂಜೆ ಅವನು ಕನ್ನಡಿಯ ಮುಂದೆ ಹೋದಾಗ ಪೊಟ್ಟಣ ಹರಿದಿತ್ತು. ಬಾಟಲಿ ಹೊರಗೆ ಇತ್ತು, ಕಂದು ಮುಚ್ಚಳ ಸ್ವಲ್ಪ ಓರೆಯಾಗಿತ್ತು. ಅವನ ಎದೆ ಹಗುರಾಯಿತು. ಬಾಟಲಿಯನ್ನು ಎತ್ತಿ ನೋಡಬೇಕು ಅನ್ನಿಸಿತು, ಎಷ್ಟು ಖಾಲಿಯಾಗಿದೆ ಅಂತ ತಿಳಿಯಬೇಕು ಅನ್ನಿಸಿತು. ಮುಟ್ಟಲಿಲ್ಲ. ಇದೊಂದನ್ನಾದರೂ ಅವನು ಕಲಿತಿದ್ದ.

ಅವಳು ಬಂದಳು. ಹೊಸ್ತಿಲ ಆಚೆ ನಿಂತು ಮಣಿಕಟ್ಟು ಹಿಡಿದಳು. ಅವನು ಬಗ್ಗಿದ. ಅಲ್ಲಿ ಏನಿತ್ತೋ, ಅವನ ಬಡ ಮೂಗಿಗೆ ಏನೂ ಸರಿಯಾಗಿ ದಕ್ಕಲಿಲ್ಲ. ಆದರೆ ಆ ವಯಸ್ಸಾದ ಹೆಂಗಸು ಹೇಳಿದ ಮಾತು ಇಷ್ಟು ವರ್ಷದಲ್ಲಿ ತನ್ನ ಬಾಯಿಂದ ಒಮ್ಮೆಯೂ ಬರಲಿಲ್ಲ ಅನ್ನುವುದು ಅವನಿಗೆ ಎಷ್ಟೋ ದಿನದಿಂದ ಚುಚ್ಚುತ್ತಿತ್ತು. ಇವತ್ತು ಹೇಳಿಬಿಡೋಣ ಅನ್ನಿಸಿತು.

"ಚೆನ್ನಾಗಿದೆ," ಅಂದ.

ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು, ಅವನು ಅವಳ ಬಟ್ಟೆಯನ್ನು ಕಿಟಕಿಯ ಹತ್ತಿರ ಒಯ್ದು ಮೂಸಿ ನೋಡಿದ್ದನಲ್ಲ, ಹಾಗೆಯೇ.

"ಬಾಟಲಿ ಬಿಚ್ಚಿದ್ದು ಅಷ್ಟೇ ರೀ," ಅಂದಳು. "ಇವತ್ತು ನಾನು ಏನೂ ಹಚ್ಕೊಂಡಿಲ್ಲ."

ಚಪ್ಪಲಿ ಬಿಟ್ಟು, ಅವನನ್ನು ದಾಟಿಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಕ್ಕ ಹಾಗೆ ಏನೋ ಕೇಳಿಸಿತು. ನಗುವೋ ಅಳುವೋ, ಬರೀ ನಲ್ಲಿಯ ನೀರೋ, ಅವನಿಗೆ ತಿಳಿಯಲಿಲ್ಲ. ಮೂಗಪ್ಪ ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟು ಕೇಳುತ್ತಿದ್ದ.